ಹಸನ್ ಕಲಿತ ಇಂಗ್ಲಿಷು

ಗುರುಕಿರಣ ಮೇಷ್ಟ್ರ ಹೆಸರು ಕೇಳಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಮನುಷ್ಯ ಕೆಟ್ಟವನಲ್ಲ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಬಾಯಿ ತುಂಬ ಬೈದು ಸುಮ್ಮನಾಗಬಹುದಿತ್ತು.

ನಾನು ಚಿಕ್ಕಮುನಿಯಪ್ಪ. ಹುಟ್ಟಿದ್ದು ಹಲಸೂರಿನಲ್ಲಿ, ಹೊಟ್ಟೆಪಾಡು ಶಿವಾಜಿನಗರದಲ್ಲಿ. ಗಾಡಿಗಳಿಗೆ ನಂಬರ್ ಪ್ಲೇಟ್ ಬರೆಯುವುದು ನನ್ನ ಕೆಲಸ. ಪಕ್ಕದ ಅಂಗಡಿ ಹಸನನದು. ಸ್ಕೂಟರು, ಬೈಕುಗಳಿಗೆ ಸೀಟ್ ಕವರ್ ಹೊಲಿಯುತ್ತಿದ್ದ. ಗಾಡಿ ಗುಜರಿಗೆ ಹೋದರೂ ಹಸನ್ ಹಾಕಿದ ಕವರ್ ಹರಿಯುವುದಿಲ್ಲ ಅಂತ ಮೆಕ್ಯಾನಿಕ್‌ಗಳು ನಗುತ್ತಿದ್ದರು. ಮೆತ್ತನೆ ಮನುಷ್ಯ. ಹೆಂಡತಿ ಬುಷ್ರಾ ಎದುರಿಗೆ ಜೋರಾಗಿ ಕೆಮ್ಮಿದವನೂ ಅಲ್ಲ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿಲ್ಲದೆ, ದರ್ಗಾ, ಡಾಕ್ಟರು ಎಲ್ಲ ಸುತ್ತಿದ ಮೇಲೆ ಹುಟ್ಟಿದವಳು ಆಬಿದಾ.

ಆಬಿದಾಳಿಗೆ ನಾಲ್ಕು ತುಂಬಿದ್ದು ತೊಂಬತ್ತೇಳರಲ್ಲಿ. ನಮ್ಮ ಬೀದಿಯಿಂದ ನಡೆದು ಹೋಗುವಷ್ಟು ಹತ್ತಿರ ಒಂದು ಕಾನ್ವೆಂಟ್ ಇತ್ತು. ಅಲ್ಲಿ ಎಲ್‌ಕೆಜಿಗೆ ಸೇರಿದರೆ ಸೇರಿದ ಹಾಗೆ, ಆಮೇಲೆ ಹೊಸಬರನ್ನು ತಗೊಳ್ಳುತ್ತಿರಲಿಲ್ಲ. ವಯಸ್ಸಿನ ಲೆಕ್ಕದಲ್ಲಿ ಆಬಿದಾಳಿಗೆ ಅದೊಂದೇ ವರ್ಷ. ಹಸನ್ ಐದನೇ ಕ್ಲಾಸಿಗೆ ಸ್ಕೂಲ್ ಬಿಟ್ಟವನು. ಮಗಳು ಆ ಗೇಟಿನೊಳಗೆ ಯೂನಿಫಾರಂ ಹಾಕಿಕೊಂಡು ಹೋಗಬೇಕು ಅನ್ನುವುದೊಂದು ಬಿಟ್ಟರೆ ಅವನಿಗೆ ಬೇರೆ ಆಸೆಯೇ ಇರಲಿಲ್ಲ. ಆದರೆ ಕಂಟೋನ್ಮೆಂಟಿನ ಸ್ಕೂಲುಗಳ ಕಥೆ ನಿಮಗೆ ಗೊತ್ತಲ್ಲ. ಓದುವುದು ಮಗು, ಇಂಟರ್‌ವ್ಯೂ ಅಪ್ಪ ಅಮ್ಮನಿಗೆ!

ಹಾಗಾಗಿ ಹಸನ್ ಹಲಸೂರಿನ ಬೇಕರಿಯೊಂದರ ಮಹಡಿ ಮೇಲೆ ಗುರುಕಿರಣ ಮೇಷ್ಟ್ರು ನಡೆಸುತ್ತಿದ್ದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದ. ಮೇಷ್ಟ್ರು ದಾವಣಗೆರೆ ಕಡೆಯವರು, ಹಗಲು ಇಂದಿರಾನಗರದಲ್ಲಿ ಯಾವುದೋ ಆಫೀಸು, ಸಂಜೆ ಪಾಠ. "ಗ್ರಾಮರ್ ಬಿಡ್ರೀ, ಫ್ರೇಸಲ್ ವರ್ಬ್ ಹಿಡೀರಿ. ಇಂಗ್ಲಿಷಿನವ್ರು ಮಾತಾಡೋದೇ ಅದ್ರಲ್ಲಿ" ಅನ್ನುವುದು ಅವರ ಮಂತ್ರ. ಗೆಟ್, ಪುಟ್, ಟೇಕ್ ಅಂತ ಒಂದು ಸಣ್ಣ ಪದ, ಅದರ ಹಿಂದೆ ಅಪ್, ಆಫ್, ಔಟ್ ಅಂತ ಇನ್ನೊಂದು ಬಾಲ. ಎರಡೂ ಸೇರಿದರೆ ಅರ್ಥವೇ ಬೇರೆಯಂತೆ. ಕೇಳಿ ಕೇಳಿ ನನ್ನ ತಲೆಯೇ ಕೆಟ್ಟು ಮೊಸರು ಗಡಿಗೆಯಾಯಿತು, ಇನ್ನು ಅವನದು ಹೇಗಾಗಿರಬೇಡ.

ಹಸನನಿಗೆ ಕೂತು ಬಾಯಿಪಾಠ ಮಾಡುವ ಅಭ್ಯಾಸವಿರಲಿಲ್ಲ. ಅವನಿಗೆ ಏನಿದ್ದರೂ ಕೈಯಿಂದಲೇ ತಲೆಗೆ ಹೋಗಬೇಕು. ಹಳೇ ಕವರ್ ಕಿತ್ತು "ಟೇಕ್ ಆಫ್!" ಅನ್ನುವನು. ಪಿನ್ನು ಎಳೆದು "ಪುಲ್ ಔಟ್!" ಸ್ಪಂಜು ತುರುಕುತ್ತ "ಫಿಲ್ ಅಪ್!" ಹೊಸ ರೆಕ್ಸಿನ್ ಬಿಗಿದು "ಪುಟ್ ಆನ್!" ಅಂತ ಕೂಗುವನು. ಗಾಡಿ ಬಿಡಲು ಬಂದವರು ಬೆಚ್ಚಿಬೀಳುತ್ತಿದ್ದರು.

"ಏನ್ ಗುರು, ಲಂಡನ್‌ಗೆ ಹೊರಟ್ಯಾ?" ಅಂತ ಮೆಕ್ಯಾನಿಕ್ ಶಫಿ ಕಾಡಿಸುತ್ತಿದ್ದ.

"ನಾನಲ್ಲ ಮಗಾ, ಮಗಳು ಹೋಗ್ತಾಳೆ" ಅಂತ ಹಸನ್ ನಗುತ್ತಿದ್ದ.

ಕೈಗೆ ಸಿಗುವ ಮಾತೆಲ್ಲ ಹೀಗೆ ಬಂದವು. ಕೈಗೆ ಸಿಗದವು ಮಾತ್ರ ಕೈಕೊಟ್ಟವು. "ಅಣ್ಣಾ, ಬ್ರಿಂಗ್ ಅಪ್ ಅಂದ್ರೆ ಮಕ್ಕಳನ್ನ ಸಾಕಿ ಬೆಳೆಸೋದಂತೆ. ಇದನ್ನ ಹೆಂಗೆ ಮಾಡಿ ಕಲಿಯೋದು?" ಅಂತ ಒಂದು ದಿನ ಕೇಳಿದ. ಮಗಳನ್ನು ಎತ್ಕೊಂಡು ಹೇಳು ಅಂದೆ. ತಮಾಷೆಗೆ ಅಂದಿದ್ದು. ಅವನು ನಿಜಕ್ಕೂ ಆಬಿದಾಳನ್ನು ಹೆಗಲ ಮೇಲೆ ಕೂರಿಸಿಕೊಂಡು "ಬ್ರಿಂಗ್ ಅಪ್, ಬ್ರಿಂಗ್ ಅಪ್" ಅಂತ ಅಂಗಡಿ ಸುತ್ತಿದ. ಆ ಹುಡುಗಿ ವಾಚಾಳಿ. ಮನೆಯಲ್ಲಿ ದಖನಿ ಉರ್ದು, ನನ್ನ ಹತ್ತಿರ ಕನ್ನಡ, ಹೂವಿನವಳ ಹತ್ತಿರ ತಮಿಳು. ಇನ್ನೊಂದು ಸಲ, ಇನ್ನೊಂದು ಸಲ ಅಂತ ಅಪ್ಪನ ಕೂದಲು ಹಿಡಿದು ಜಗ್ಗಿದಳು.

ಇಂಟರ್‌ವ್ಯೂಗೆ ಒಂದು ವಾರ ಇರುವಾಗ ಮೇಷ್ಟ್ರು ಅವನ ತಲೆಗೆ ಒಂದು ಹುಳ ಬಿಟ್ಟರು. "ನೋಡಿ ಹಸನ್, ಅಲ್ಲಿ ಮೆತ್ತಗೆ ಕನ್ನಡದಲ್ಲೋ ಉರ್ದುವಲ್ಲೋ ಮಾತಾಡಿಸ್ತಾರೆ. ಅದು ಪರೀಕ್ಷೆ. ಇಂಗ್ಲಿಷ್ ಬಿಟ್ರಿ ಅಂದ್ರೆ ಸೀಟು ಹೋಯ್ತು. ಎಷ್ಟು ಕೆಣಕಿದ್ರೂ ಬೀಳ್ಬೇಡಿ." ಹಸನ್ ಅದನ್ನು ವೇದವಾಕ್ಯ ಮಾಡಿಕೊಂಡ. ಬುಷ್ರಾಗೂ ಹೇಳಿದ, ಮಗುವಿಗೂ ಹೇಳಿದ. ಅಲ್ಲಿ ಯಾರು ಏನು ಕೇಳಿದರೂ ಅಬ್ಬಾನೇ ಮಾತಾಡುತ್ತಾರೆ, ನೀನು ಬಾಯಿ ಬಿಡಬೇಡ ಅಂತ. "ಯಾಕೋ ಹಸನ್, ಹಂಗೆಲ್ಲ ಯಾಕೆ ಮಾಡ್ತಾರೆ?" ಅಂತ ನಾನು ಕೇಳಿದರೆ, "ದೊಡ್ಡ ಸ್ಕೂಲು ಅಣ್ಣಾ, ನಮಗೆ ಅದೆಲ್ಲ ಗೊತ್ತಾಗಲ್ಲ" ಅಂದ.

ಇಂಟರ್‌ವ್ಯೂ ದಿನ ಧೈರ್ಯಕ್ಕೆ ನನ್ನನ್ನೂ ಕರೆದುಕೊಂಡು ಹೋದ. ಮೂವರೂ ಒಳಗೆ ಹೋದರು. ನಾನು ವರಾಂಡದ ಬೆಂಚಿನ ಮೇಲೆ, ತೆರೆದ ಕಿಟಕಿಯ ಕೆಳಗೇ ಕೂತಿದ್ದೆ. ಒಳಗಿನದೆಲ್ಲ ಕೇಳುತ್ತಿತ್ತು.

ಹೆಡ್‌ಮಿಸ್ಟ್ರೆಸ್ ಮಂಗಳೂರು ಕಡೆಯ ಸಿಸ್ಟರ್. ಅಚ್ಚುಕಟ್ಟಾದ ಕನ್ನಡ. "ಬನ್ನಿ, ಕೂತುಕೊಳ್ಳಿ. ಮಗುವಿಗೆ ಊಟ ತಿಂಡಿ ಏನು ಇಷ್ಟ ಅಮ್ಮಾ?" ಅಂತ ಬುಷ್ರಾಳನ್ನೇ ಕೇಳಿದರು.

ಬುಷ್ರಾ ಬಾಯಿ ತೆರೆದಳು ಅಂತ ಕಾಣುತ್ತದೆ. "ನಕ್ಕೋ" ಅಂದ ಹಸನ್, ಬೇಡ ಅಂತ. ಆಮೇಲೆ ಶುರುಮಾಡಿದ ನೋಡಿ. "ಶಿ ಗೆಟ್ ಅಪ್, ವಾಶ್ ಅಪ್, ಡ್ರೆಸ್ ಅಪ್, ಈಟ್ ಅಪ್, ಸಿಟ್ ಡೌನ್..."

"ಅದೆಲ್ಲ ಬೇಡಪ್ಪ, ಕನ್ನಡದಲ್ಲೇ ಹೇಳಿ. ಇಲ್ಲಾ ಉರ್ದುವಲ್ಲಿ ಹೇಳಿ, ನಮ್ಮ ಟೀಚರ್ ಇದ್ದಾರೆ" ಅಂದರು ಸಿಸ್ಟರ್. ನಗುತ್ತಲೇ ಅಂದರು.

"ನೋ ಸಿಸ್ಟರ್. ಐ ಕ್ಯಾರಿ ಆನ್" ಅಂದ ಹಸನ್.

ಅಯ್ಯೋ ಶಿವನೇ! ಹೇಳೋ, ಕನ್ನಡದಲ್ಲಿ ಹೇಳೋ ಅಂತ ನಾನು ಕಿಟಕಿ ಕೆಳಗೆ ಕೈ ಕೈ ಹಿಸುಕಿಕೊಂಡೆ. ಸಿಸ್ಟರ್ ಮಗುವಿನ ಕಡೆ ತಿರುಗಿದರು. "ನಿನ್ನ ಹೆಸರೇನು ಪುಟ್ಟಾ?" ಮಾತಿಲ್ಲ. ಇನ್ನೊಂದು ದನಿ ಉರ್ದುವಿನಲ್ಲಿ ಕೇಳಿತು. ಆಗಲೂ ಇಲ್ಲ. ದಾರಿಯಲ್ಲಿ ಹೋಗುವ ಕತ್ತೆಯನ್ನೂ ಮಾತಾಡಿಸುವ ಹುಡುಗಿ ತನ್ನ ಹೆಸರು ಹೇಳಲಿಲ್ಲ. ಹೊರಗೆ ಬಂದಾಗ ಹಸನನ ಅಂಗಿ ಬೆವರಿಗೆ ಅಂಟಿತ್ತು, ಮುಖ ಮಾತ್ರ ಅರಳಿತ್ತು. "ಎಷ್ಟು ಕೆಣಕಿದ್ರು ಅಣ್ಣಾ! ಒಬ್ರೂ ಬೀಳ್ಲಿಲ್ಲ" ಅಂದ.

ವಾರ ಕಳೆದ ಮೇಲೆ ಗೇಟಿನ ಹತ್ತಿರ ಪಟ್ಟಿ ಹಾಕಿದರು. ಆಬಿದಾಳ ಹೆಸರಿರಲಿಲ್ಲ. ಹಸನ್ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಬೆರಳಿಟ್ಟು ನೋಡಿ, ಅಂಗಡಿಗೆ ಬಂದು ಅರ್ಧ ಹೊಲಿದಿದ್ದ ಕವರ್ ಎತ್ತಿಕೊಂಡ. ಅದನ್ನು ನೋಡಲಾಗದೆ ನಾನೇ ಸ್ಕೂಲಿಗೆ ಹೋಗಿ ಸಿಸ್ಟರ್ ಮುಂದೆ ನಿಂತೆ. ಬಡವರ ಮಕ್ಕಳು ಓದಬಾರದಾ ಅಂತ ದಬಾಯಿಸಿಯೇಬಿಟ್ಟೆ.

ಅವರು ಸಿಟ್ಟಾಗಲಿಲ್ಲ. "ಇಂಗ್ಲಿಷ್ ಬಾರದ ಮನೆಯ ಮಕ್ಕಳಿಗೆ ಅಂತಲೇ ಈ ವರ್ಷ ಕೆಲವು ಸೀಟು ಇಟ್ಟಿದ್ದೆವು. ಅದಕ್ಕೇ ಅವರನ್ನು ಕರೆಸಿದ್ದು. ಆದರೆ ಆ ಮನುಷ್ಯ ಹೆಂಡತಿಗೆ ಒಂದು ಮಾತು ಆಡೋಕೆ ಬಿಡಲಿಲ್ಲ. ಮಗು ಅಪ್ಪನಿಗೆ ಹೆದರಿ ಹೆಸರೂ ಹೇಳಲಿಲ್ಲ. ಅಂಥ ಮನೆಯವರ ಜೊತೆ ನಾವು ಹೇಗೆ ನಡೆಸೋದು ಹೇಳಿ?"

ಹಸನನಾ ಹೆದರಿಸುವವನು! ಮೇಷ್ಟ್ರ ವಿಷಯ, ಪರೀಕ್ಷೆಯ ವಿಷಯ ಎಲ್ಲ ಬಿಡಿಸಿ ಹೇಳಿದೆ. ಸಿಸ್ಟರ್ ತಲೆ ಮೇಲೆ ಕೈ ಇಟ್ಟುಕೊಂಡರು. "ಆ ಸೀಟು ಇನ್ನೊಂದು ಮಗುವಿಗೆ ಹೋಯಿತಲ್ಲಪ್ಪ. ಈಗ ಅದನ್ನ ಹೊರಗೆ ಕಳಿಸ್ಲಾ?" ಅಂದರು. ನಾನು ಕೈ ಮುಗಿದು ಹೊರಟೆ.

ವಾಪಸು ಬಂದಾಗ ಹಸನ್ ಅಂಗಡಿ ಬಾಗಿಲು ಎಳೆಯುತ್ತಿದ್ದ, ಪಕ್ಕದಲ್ಲಿ ಆಬಿದಾ ನಿಂತಿದ್ದಳು. ಕ್ಲಾಸಿಗೆ ಹೊತ್ತಾಯಿತು ಅಂದ.

"ಇನ್ನೂ ಯಾತರ ಕ್ಲಾಸೋ?"

"ನನ್ನ ಇಂಗ್ಲಿಷ್ ಸಾಲ್ಲಿಲ್ಲ ಅಣ್ಣಾ. ಇನ್ನೂ ಕಲೀಬೇಕು. ಬೇರೆ ಸ್ಕೂಲ್ ಇದ್ಯಲ್ಲ. ಮಗಳನ್ನೂ ಮೇಷ್ಟ್ರ ಹತ್ರ ಸೇರಿಸ್ತೀನಿ, ಚಿಕ್ಕ ಮಕ್ಕಳ ಬ್ಯಾಚ್ ಇದೆಯಂತೆ."

ಇನ್ನು ತಡೆಯಲಾಗಲಿಲ್ಲ. ರಟ್ಟೆ ಹಿಡಿದು ನಿಲ್ಲಿಸಿ, ಸಿಸ್ಟರ್ ಹೇಳಿದ್ದನ್ನೆಲ್ಲ ಹೇಳಿದೆ. ಕೊನೆಗೆ ಬೀದಿಯವರೆಲ್ಲ ತಿರುಗಿ ನೋಡುವ ಹಾಗೆ ಕಿರುಚಿದೆ. "ನಿನ್ ಇಂಗ್ಲಿಷ್ ಯಾರಿಗೂ ಬೇಕಿರ್ಲಿಲ್ಲ ಕಣೋ! ಕನ್ನಡದಲ್ಲಿ ಒಂದು ಮಾತು ಆಡಿದ್ರೆ ಸೀಟು ನಿಂದೇ ಆಗಿತ್ತು!"

 ಹಸನ್ ನನ್ನ ಕೈಯನ್ನು ಮೆತ್ತಗೆ ಬಿಡಿಸಿಕೊಂಡ.

"ನೀವು ಒಳ್ಳೆಯವ್ರು ಅಣ್ಣಾ, ನಂಬ್ಬಿಟ್ರಿ. ಅದನ್ನೂ ಆ ಸ್ಕೂಲಿನವ್ರೇ ಹೇಳಿ ಕಳ್ಸಿರ್ತಾರೆ. ಇದೂ ಪರೀಕ್ಷೆನೇ" ಅಂದ. ಬಾಗಿಲಿಗೆ ಬೀಗ ಹಾಕಿ, ಮಗಳ ಕೈ ಹಿಡಿದುಕೊಂಡು ಹಲಸೂರಿನ ಬಸ್ಸಿಗೆ ಹೊರಟ.