ಚಂಡಮಾರುತ ದಿಕ್ಕು ಬದಲಿಸಿದ ದಿನ ವಿಜಯವಾಡದಲ್ಲಿ

ತೊಂಬತ್ತರ ದಶಕದ ಒಂದು ನವೆಂಬರ್‌ನಲ್ಲಿ ಅಕ್ಕನ ಮಗಳು ಶೈಲಜಾಳನ್ನು ಕರೆದುಕೊಂಡು ನಾನು ವಿಶಾಖಪಟ್ಟಣದ ಪಕ್ಕದ ದುವ್ವಾಡದಲ್ಲಿ ರೈಲು ಹತ್ತಿದೆ. ಚಂಡಮಾರುತ ವಿಶಾಖಪಟ್ಟಣಕ್ಕೇ ಬಡಿಯಬಹುದೆಂದು ಟಿ.ವಿ.ಯಲ್ಲಿ ಬಂದಿತ್ತು. ಭಾವ ಕಾರ್ಖಾನೆ ಬಿಟ್ಟು ಹೊರಡುವಂತಿರಲಿಲ್ಲ. ಅವರನ್ನು ಬಿಟ್ಟು ಅಕ್ಕ ಬರಲೊಲ್ಲಳು. "ಹುಡುಗೀನ್ನ ಬಂದರಿಗೆ, ಅವರಜ್ಜಿ ಕಡೆ ಬಿಟ್ಟು ನೀ ಧಾರವಾಡಕ್ಕ ಹೋಗು. ಅಲ್ಲಿ ಏನೂ ಅಂಜಿಕಿ ಇಲ್ಲ," ಎಂದಳು. ಬಂದರು ಎಂದರೆ ಮಚಲೀಪಟ್ಟಣ, ಭಾವನ ಹುಟ್ಟೂರು.

ಧಾರವಾಡದ ನಮ್ಮ ಮನೆಯಲ್ಲಿ ಹವಾಮಾನ ವರದಿ ಶುರುವಾದರೆ ರೇಡಿಯೋ ಆರಿಸುವುದೇ ರೂಢಿ. ಇಲ್ಲಿ ಅನಕಾಪಲ್ಲಿಯ ಪ್ಲಾಟ್‌ಫಾರ್ಮಿನಲ್ಲಿ ಬೆಲ್ಲದ ವ್ಯಾಪಾರಿಗಳು ಟ್ರಾನ್ಸಿಸ್ಟರ್ ಸುತ್ತ ಮುತ್ತಿಕೊಂಡಿದ್ದರು. ಟೀ ಮಾರುವವನು ಕಿಟಕಿಯಲ್ಲಿ ಇಣುಕಿ, "ತುಫಾನು ಎಟು ಪೋತೋಂದಂಡಿ?" ಎಂದ. ಅದು ಯಾವ ಕಡೆ ಹೊರಟಿದೆ ಎಂದು, ಬಸ್ಸಿನ ಬಗ್ಗೆ ವಿಚಾರಿಸಿದಷ್ಟು ಸಲೀಸಾಗಿ!

ಸಂಜೆ ವಿಜಯವಾಡದಲ್ಲಿ ಜಿಟಿಜಿಟಿ ಮಳೆ. ಬಂದರಿನ ಬಸ್ಸಿಗೆ ಹೋಗುವ ಮೊದಲು ಗವರ್ನರ್‌ಪೇಟೆಯ ಹೋಟೆಲೊಂದರಲ್ಲಿ ಊಟಕ್ಕೆ ಕೂತೆವು. ಗೋಂಗೂರ ಎಂಬ ಪುಂಡಿಸೊಪ್ಪಿನ ಚಟ್ನಿಯ ಖಾರಕ್ಕೆ ನನ್ನ ಕಣ್ಣಲ್ಲಿ ನೀರು. ಅಷ್ಟರಲ್ಲಿ ರೇಡಿಯೋ ವಾರ್ತೆ ಶುರುವಾಯಿತು. ಮಾಲೀಕರು ಧ್ವನಿ ಏರಿಸಿದರು. ಎಲ್ಲರ ಕೈಯೂ ಎಲೆಯ ಮೇಲೇ ನಿಂತಿತು. ನನ್ನ ತೆಲುಗು ಅಷ್ಟಕ್ಕಷ್ಟೇ. ಆದರೆ ಶೈಲಜಾ ಬಿಳಿಚಿಕೊಂಡಳು.

"ಮೌಶೀ, ತುಫಾನು ತಿರುಗೇತಂತ. ವೈಜಾಗ್‌ಗೆ ಬರಂಗಿಲ್ಲಂತ. ಬಂದರ್‌ಗೇ... ನಾಯನಮ್ಮ?"

ಅಜ್ಜಿಯನ್ನು ಅವಳು ಕರೆಯುತ್ತಿದ್ದದ್ದು ಹಾಗೆ. ಕಾಪಾಡಲೆಂದು ಹೊರಟವಳು ಮಗುವನ್ನು ಗಾಳಿಯ ಬಾಯಿಗೇ ಒಯ್ಯುತ್ತಿದ್ದೆ! ಮಾಲೀಕರು, "ಬಂದರ್ ವದ್ದಮ್ಮಾ, ವದ್ದು!" ಎಂದು ತಡೆದು, ಮಹಡಿಯ ಮೇಲಿನ ತಮ್ಮ ಮನೆಯಲ್ಲೇ ನಮಗೆ ಜಾಗ ಕೊಟ್ಟರು.

ಬೆಳಿಗ್ಗೆ ಅಜ್ಜಿಯ ಸುದ್ದಿಗಾಗಿ ಬಸ್ ನಿಲ್ದಾಣಕ್ಕೆ ಓಡಿದೆವು. ರಾತ್ರಿಯೇ ಚಂಡಮಾರುತ ಬಡಿದು ಬಂದರಿನ ರಸ್ತೆ ಮುಚ್ಚಿತ್ತು. ಒದ್ದೆ ಗಂಟುಗಳ ನಡುವೆ ನೆಲದ ಮೇಲೆ ಅಜ್ಜಿ ಕೂತಿದ್ದರು! ಶೈಲಜಾ ಹೋಗಿ ಕೊರಳಿಗೆ ಬಿದ್ದಳು.

"ರಿಕ್ಷಾದಲ್ಲಿ ಮೈಕ್ ಕಟ್ಟಿ ಊರು ಬಿಡಿ ಅಂತ ಕೂಗಿದರು, ಕೊನೆಯ ಬಸ್ ಹತ್ತಿದೆ," ಎಂದರು ಅಜ್ಜಿ; ಅವರ ತೆಲುಗನ್ನು ಶೈಲಜಾ ನನಗೆ ಬಿಡಿಸಿ ಹೇಳಿದಳು. "ಪಕ್ಕದ ಮನೆಯ ಸುಬ್ಬಮ್ಮನನ್ನೂ ಕರೆದೆ. ನಿನ್ನೆ ವೈಜಾಗ್ ಅಂದರು, ಇವತ್ತು ಇಲ್ಲಿ ಅಂತಾರೆ, ನಾಳೆ ಇನ್ನೆಲ್ಲೋ ಅಂತಾರೆ, ನೀವು ಹೋಗಿಬನ್ನಿ ಅಂದಳು."

ನಿಲ್ದಾಣದಲ್ಲೇ ಕಾದೆವು. ರಸ್ತೆ ತೆರೆದ ಮೇಲೆ ಬಂದ ಮೊದಲ ಬಸ್ಸಿನಿಂದ ಅವರ ಬೀದಿಯವನೊಬ್ಬ ಇಳಿದ. "ಸುಬ್ಬಮ್ಮ ಎಲ್ಲಪ್ಪಾ?" ಎಂದು ಅಜ್ಜಿ ಎದ್ದುನಿಂತರು. ಅವನು ತಲೆಗೆ ಸುತ್ತಿದ್ದ ಟವೆಲ್ ತೆಗೆದ. "ಹೋಗಿಬಿಟ್ಟಳಮ್ಮಾ," ಎಂದ.