ಅವ್ವನ ಅಳತೆಯ ಮಣೆ

ಅವ್ವ ಆ ಮಾತನ್ನು ಬರೀ ಮರ್ಯಾದೆಗೆ ಆಡಿದಳು. ಆ ಮರ್ಯಾದೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಆಗ ನಾನು ವಿಜಯಪುರದ ಒಂದು ಕಾಲೇಜಿನಲ್ಲಿ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೆ. ಮನೆಬಳಕೆಯ ಕಟ್ಟಿಗೆಯ ವಸ್ತುವೊಂದನ್ನು ಮೂವರು ಸೇರಿ ಯೋಚಿಸಿ, ನಿಮ್ಮ ಕೈಯಾರೆ ಮಾಡಿ ತನ್ನಿ ಎಂದರು ಮಾಸ್ತರರು. ನಮ್ಮ ತಂಡದಲ್ಲಿ ಹೊನವಾಡದಿಂದ ದಿನಾ ಬಸ್ಸಿಗೆ ಬರುವ ಹುಡುಗನೊಬ್ಬ, ಬಬಲೇಶ್ವರದ ಗೆಳತಿಯೊಬ್ಬಳು, ಜೋರಾಪುರ ಪೇಟೆಯ ನಾನು. ಉಳಿದ ತಂಡಗಳೆಲ್ಲ ಮೊಬೈಲ್ ಸ್ಟ್ಯಾಂಡು ಮಾಡಲು ಹೊರಟವು. ಮೊಬೈಲನ್ನು ಕೈಯಿಂದ ಕೆಳಗೇ ಇಡದವರಿಗೆ ಅದಕ್ಕೊಂದು ಸ್ಟ್ಯಾಂಡು ಬೇರೆ! ನಾನು ನಮ್ಮವ್ವನಿಗೆ ಕೂರಲು ಒಂದು ಮಣೆ ಮಾಡೋಣ ಎಂದೆ.

ಅವ್ವನ ಮೊಣಕಾಲು ಹೋಗಿದ್ದವು. ಅಡುಗೆಮನೆಯಲ್ಲಿ ಕಟ್ಟೆಯಿದ್ದರೂ ಜೋಳದ ರೊಟ್ಟಿಗೆ ಮಾತ್ರ ಅವಳಿಗೆ ನೆಲವೇ ಬೇಕು. ನಿಂತು ಬಡಿದರೆ ಅಂಗೈಗೆ ಭಾರ ಬರುವುದಿಲ್ಲ ಎನ್ನುತ್ತಿದ್ದಳು. ಕುಳಿತರೆ ಏಳಲು ಗೋಡೆ ಬೇಕು, ಗೋಡೆ ಸಾಲದಿದ್ದರೆ ನನ್ನ ಭುಜ. ಹೀಗೇ ಆದರೆ ರೊಟ್ಟಿ ಬಡಿಯುವುದನ್ನೇ ಬಿಡಬೇಕಾದೀತೆಂಬ ಹೆದರಿಕೆ ಅವಳಿಗಿತ್ತು. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಂಗಡಿಯ ರೊಟ್ಟಿ ಕಂಡರೆ ಮೂಗು ಮುರಿಯುತ್ತಿದ್ದಳು, ಅಷ್ಟೇ.

ಅಳತೆ ತೆಗೆಯಲು ಬಂದ ದಿನ ಹೊನವಾಡದವನ ಕೈಯಲ್ಲಿ ಟೇಪು ನೋಡಿ ಅವ್ವ ರೇಗಿದಳು. "ನಾ ಏನ್ ಕುಪ್ಪಸ ಹೊಲಿಸಾಕತ್ತೇನೇನ? ಅದನ್ನ ಕಿಸೇದಾಗ ಇಟ್ಕೊ." ಅವನು ಮುಖ ಕೆಂಪಗೆ ಮಾಡಿಕೊಂಡು ಹಿತ್ತಲಿನಿಂದ ಇಟ್ಟಂಗಿ ಹೊತ್ತು ತಂದ. ಒಂದು ಇಟ್ಟಂಗಿ ತಗ್ಗಾಯಿತು, ಎರಡು ಎತ್ತರವಾಯಿತು. ಒಂದರ ಮೇಲೆ ಒಡೆದ ಫರಸಿಕಲ್ಲಿನ ತುಂಡಿಟ್ಟು, ಗೋಣಿಚೀಲ ಮಡಚಿ ಹಾಸಿ ಕೂರಿಸಿದಾಗ, "ಹಾಂ, ಇದ ನೋಡ್ರಿ," ಎಂದಳು. ನಮ್ಮ ಅಳತೆ ಸಿಕ್ಕಿದ್ದು ಹಾಗೆ.

ಹೊನವಾಡದವನು ತಮ್ಮ ಒಣದ್ರಾಕ್ಷಿ ಶೆಡ್ಡಿನಲ್ಲಿ ಬಿದ್ದಿದ್ದ ಬೇವಿನ ಹಲಗೆಯನ್ನು ಬಸ್ಸಿನಲ್ಲಿ ತಂದ. "ಅದಕ್ಕೂ ಒಂದ್ ಟಿಕೀಟ್ ತಗೋ, ಸೀಟ್ ಹಿಡದೈತಿ," ಎಂದು ಕಂಡಕ್ಟರ್ ತಿಕೋಟಾದವರೆಗೂ ಕಾಡಿದನಂತೆ. ಮೊದಲು ಮಾಡಿದ ಮಣೆ ಕೈಕೊಟ್ಟಿತು. ರೊಟ್ಟಿ ಬಡಿಯುವಾಗ ಮೈಯೆಲ್ಲ ಮುಂದಕ್ಕೆ ವಾಲುತ್ತದೆ, ಮಣೆಯೂ ಜೊತೆಗೆ ವಾಲಿತು. ಬಬಲೇಶ್ವರದವಳು ಇಡೀ ಚಿತ್ರ ಅಳಿಸಿ ಮತ್ತೆ ಬರೆದಳು. ಮುಂದಿನ ಕಾಲುಗಳನ್ನು ಅಗಲಿಸಿದಳು, ಅವ್ವ ಮಡಚಿಕೊಳ್ಳುವ ಎಡಗಾಲಿಗೆಂದು ಹಲಗೆಯ ಒಂದು ಮೂಲೆ ಕೆತ್ತಿ ತೆಗೆಸಿದಳು. ಸೀರೆ ಸಿಕ್ಕಿಕೊಳ್ಳಬಾರದೆಂದು ಮೊಳೆ ಹೊಡೆಯದೆ ಬೆಣೆ ಹಾಕಿಯೇ ಬಿಗಿದೆವು. ಬೆಣೆ ಸಡಿಲಾಗಿ ನಾವು ಜಗಳಾಡಿದ್ದಕ್ಕೆ ಲೆಕ್ಕವಿಲ್ಲ.

ಮಣೆ ಮುಗಿದ ದಿನ ಉಳಿದ ಇಟ್ಟಂಗಿಗಳ ಮೇಲೆ ಒಲೆಯನ್ನೂ ರೊಟ್ಟಿ ಬಡಿಯುವ ಹಲಗೆಯನ್ನೂ ಎತ್ತಿಟ್ಟು ಅವ್ವ ಕುಳಿತಳು. ಹಿಟ್ಟು ಮುಗಿಯುವವರೆಗೆ ಮೇಲೇಳಲಿಲ್ಲ. ಪುಂಡಿಪಲ್ಲೆ, ಶೇಂಗಾ ಚಟ್ನಿ, ಕೆನೆಮೊಸರಿನ ಜೊತೆ ಬಿಸಿ ರೊಟ್ಟಿ ಬರುತ್ತಲೇ ಇದ್ದವು. ಹೊನವಾಡದವನು ನಾಚಿಕೆ ಬಿಟ್ಟು ತಿಂದ. ಕೊನೆಗೆ ಅವ್ವ ಯಾರ ಭುಜವನ್ನೂ ಹಿಡಿಯದೆ ಎದ್ದು ನಿಂತು, "ಇನ್ನ ಹತ್ತ ವರ್ಷ ಬಡೀತೇನಿ ನೋಡ್ರಿ," ಎಂದಳು. ಅಷ್ಟು ಸಂತೋಷ ನನಗೆ ಯಾವ ಪರೀಕ್ಷೆ ಪಾಸಾದಾಗಲೂ ಆಗಿಲ್ಲ.

ಕಾಲೇಜಿನ ಪ್ರದರ್ಶನಕ್ಕೆ ಅವ್ವನೂ ಇಳಕಲ್ ಸೀರೆ ಉಟ್ಟು ಬಂದಳು. ಬಂದವರೆಲ್ಲ ಮಣೆಯನ್ನು ಹೊಗಳಿದರು. ಪ್ರಿನ್ಸಿಪಾಲರು ನಗುತ್ತ, "ಇದು ನಮ್ಮ ಕಾಲೇಜಿನ್ಯಾಗ ಇರ್ಲೇನ್ರಿ ಅವ್ವಾರ?" ಎಂದು ಕೇಳಿದರು. ಅವ್ವ ಸೆರಗು ಸರಿಪಡಿಸಿಕೊಂಡು, "ಅಯ್ಯ, ಅದಕ್ಕೇನ್ರಿ, ಇಟ್ಕೊಳ್ರಿ. ನಿಮ್ದ ಐತಿ," ಎಂದಳು.

ನಮ್ಮ ಓಣಿಯಲ್ಲಿ ಯಾರಾದರೂ ಒಂದು ವಸ್ತುವನ್ನು ಹೊಗಳಿದರೆ ತಗೊಳ್ರಿ ಎನ್ನಲೇಬೇಕು. ಎದುರಿನವರು ಬ್ಯಾಡ್ರಿ, ನಿಮಗ ಇರ್ಲಿ ಎನ್ನಲೇಬೇಕು. ಹೀಗೆ ನಮ್ಮ ಹಿತ್ತಾಳೆ ಕೊಡವನ್ನು ಅವ್ವ ಎಷ್ಟು ಜನಕ್ಕೆ ಕೊಟ್ಟಿದ್ದಳೋ! ಅದು ಹೊಸ್ತಿಲು ದಾಟಿರಲಿಲ್ಲ. ಆದರೆ ಪ್ರಿನ್ಸಿಪಾಲರು ಬೇಡ ಎನ್ನಲಿಲ್ಲ. "ಭಾಳ ಸಂತೋಷ ಆತ್ರಿ," ಎಂದು ಕೈಮುಗಿದರು, ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಅವ್ವನ ಮುಖದಲ್ಲಿ ನಗು ಹಾಗೇ ಅಂಟಿಕೊಂಡಿತ್ತು, ಕಣ್ಣು ಮಾತ್ರ ಮಣೆಯ ಮೇಲಿತ್ತು.

"ನಾಳೆ ಹೋಗಿ ಕೇಳ್ತೇನಿ," ಎಂದೆ ಆಟೋದಲ್ಲಿ.

"ಕೊಟ್ಟದ್ದ ಹೊಳ್ಳಿ ಕೇಳ್ತಾರೇನ? ಮಂದಿ ಏನಂದಾರು?"

"ನೀ ಕೊಟ್ಟಿಲ್ಲ ಬೇ, ಬರೇ ಅಂದಿ."

"ಅಂದ್ರ ಕೊಟ್ಟಂಗ. ನೀ ಕೇಳಿದ್ರ ನನ್ನಾಣಿ ಐತಿ," ಎಂದು ಬಾಯಿ ಮುಚ್ಚಿಸಿದಳು.

ಮಣೆ ಗಾಜಿನ ಕಪಾಟು ಸೇರಿತು. ಒಬ್ಬಳ ಎಡಗಾಲಿಗೆಂದು ಕೆತ್ತಿದ ಮಣೆ, ಯಾರೂ ಕೂರದ ಜಾಗದಲ್ಲಿ. ಇನ್ನೊಂದು ಮಾಡೋಣವೆಂದು ಮೂವರೂ ಅಂದುಕೊಂಡೆವು. ಹಲಗೆ ಮುಗಿದಿತ್ತು. ಪರೀಕ್ಷೆ ಬಂತು, ಹೊನವಾಡದಲ್ಲಿ ದ್ರಾಕ್ಷಿಯ ಸುಗ್ಗಿ ಬಂತು, ಬಬಲೇಶ್ವರದವಳಿಗೆ ಬೆಳಗಾವಿಯಲ್ಲಿ ಕೆಲಸ ಸಿಕ್ಕಿತು. ಅವ್ವ ಮತ್ತೆ ಇಟ್ಟಂಗಿಯ ಮೇಲೆ ಕುಳಿತಳು, ಆಮೇಲೆ ಅದೂ ಆಗಲಿಲ್ಲ. ಎರಡೂ ಮೊಣಕಾಲಿಗೆ ಆಪರೇಷನ್ ಆಯಿತು. ಇನ್ನು ತಗ್ಗಿನಲ್ಲಿ ಕೂರಲೇಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ರೊಟ್ಟಿಯ ಹಲಗೆ ಅಟ್ಟ ಸೇರಿತು.

ಹೊನವಾಡದವನು ಈಗ ತಿಕೋಟಾದಲ್ಲಿ ಫರ್ನಿಚರ್ ಅಂಗಡಿ ಇಟ್ಟಿದ್ದಾನೆ. ಮೊನ್ನೆ ಅದೇ ಕಾಲೇಜಿಗೆ ಹೊಸ ಕಪಾಟು ಕೂರಿಸಲು ಹೋದಾಗ ಹಳೆಯದರಲ್ಲಿ ಮಣೆ ಕಂಡು, ಒಯ್ಯಲೇ ಎಂದು ಕೇಳಿದನಂತೆ. "ಒಯ್ಯಪಾ," ಎಂದರಂತೆ. ಒಂದೇ ಮಾತು. ಅವ್ವನ ಆಣೆ ಮುರಿದು ಅವತ್ತೇ ಕೇಳಿದ್ದರೆ ಏನಾಗುತ್ತಿತ್ತು?

ಅವನು ಮಣೆಯನ್ನು ನಮ್ಮ ಮನೆಗೆ ತಂದು, ಸುತ್ತಿದ್ದ ಗೋಣಿಚೀಲ ಬಿಚ್ಚಿದ. ಒಂದು ಗೀರೂ ಇಲ್ಲದ ಮಣೆ. ಅವ್ವ ಕುರ್ಚಿಯಿಂದಲೇ ಬಾಗಿ, ಎಡಗಾಲಿನ ಆ ಮೂಲೆಯನ್ನು ಬೆರಳಿನಿಂದ ಸವರಿದಳು. "ನೀನ ಕುಂದರಪಾ, ಉಂಡ್ ಹೋಗ," ಎಂದಳು ಅವನಿಗೆ.

ಅವನು ಮೊಣಕಾಲು ಎದೆಗೆ ತಾಗಿಸಿಕೊಂಡು ಆ ಮಣೆಯ ಮೇಲೆ ಕುಳಿತ. ಅವ್ವ ಪ್ಲಾಸ್ಟಿಕ್ ಪೊಟ್ಟಣ ಹರಿದು ಅಂಗಡಿಯ ರೊಟ್ಟಿಯನ್ನು ಅವನ ತಾಟಿಗೆ ಹಾಕಿದಳು. ಅವನು ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡ.

"ಚೊಲೋ ಅದಾವ ಬಿಡ್ರಿ ಅವ್ವಾರ," ಎಂದ.

"ಮರ್ಯಾದಿಗೆ ಅನಬ್ಯಾಡಪಾ," ಎಂದಳು ಅವ್ವ.