ಹೊಗೆಯುಂಡ ಬಾರ್ಲಿ

ಲಿಂಕೋಪಿಂಗಿನ ಆ ನಾಲ್ಕು ಮಹಡಿಯ ಕಟ್ಟಡದಲ್ಲಿ ಎಲ್ಲ ಮನೆಗಳಿಗೂ ಸೇರಿ ಬಟ್ಟೆ ಒಗೆಯುವ ಕೋಣೆ ಒಂದೇ, ಅದೂ ನೆಲಮಾಳಿಗೆಯಲ್ಲಿ. ೨೦೦೪ರ ಮಾರ್ಚಿನ ಒಂದು ಮಂಗಳವಾರ ಬೆಳಿಗ್ಗೆ ಶೋಭನಾ ಬುಟ್ಟಿ ಹೊತ್ತು ಅಲ್ಲಿಗೆ ಇಳಿದಾಗ ಮೂಗಿಗೆ ಬಡಿದದ್ದು ಸೋಪಿನ ವಾಸನೆಯಲ್ಲ, ಹುಳಿತು ಕೊಳೆತ ಧಾನ್ಯದ ನಾತ. ಜಾಡು ಹಿಡಿದು ಹೋದರೆ ಪಕ್ಕದ ಸಾಮಾನು ಕೋಣೆಯಲ್ಲಿ ಕೆಳಗಿನ ಮನೆಯ ಬೆಂಗ್ತ್ ಒಂದು ಪ್ಲಾಸ್ಟಿಕ್ ತೊಟ್ಟಿಯ ಮುಂದೆ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದರು. ತೊಟ್ಟಿಯ ತುಂಬ ನೀರು, ನೀರಿನ ತುಂಬ ಬಾರ್ಲಿ.

"ಎಷ್ಟು ದಿನ ಆಯ್ತು ನೆನೆಹಾಕಿ?" ಎಂದು ಅರೆಬರೆ ಸ್ವೀಡಿಷಿನಲ್ಲಿ ಕೇಳಿದಳು.

"ನಾಲ್ಕು. ಮೊಳಕೆಯೇ ಬರಲಿಲ್ಲ."

"ಹೇಗೆ ಬರ್ತದೆ? ಅದಕ್ಕೂ ಉಸಿರಾಡಬೇಕಲ್ಲ. ನೀವು ಮುಳುಗಿಸಿ ಕೊಂದಿದ್ದೀರಿ."

ಎಪ್ಪತ್ತರ ಹತ್ತಿರದ ಆ ನಿವೃತ್ತ ಬಸ್ ಚಾಲಕ ಅಲ್ಲಿಯವರೆಗೆ ಅವಳಿಗೆ ಮೆಟ್ಟಿಲ ಮೇಲೆ ನಮಸ್ಕಾರಕ್ಕೆ "ಹೇ" ಎಂದದ್ದು ಬಿಟ್ಟರೆ ಬೇರೆ ಮಾತಾಡಿದ್ದಿಲ್ಲ. ಈಗ ತೊಟ್ಟಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ, "ಕಾಫಿ ಕುಡೀತೀಯಾ?" ಎಂದು ಕೇಳಿದರು.

ಶೋಭನಾ ಕುಂದಾಪುರದ ಕಡೆಯವಳು. ಮದುವೆಗೆ ಮೊದಲು ಅಲ್ಲಿನ ಪಿಯು ಕಾಲೇಜೊಂದರಲ್ಲಿ ನಾಲ್ಕು ವರ್ಷ ಸಸ್ಯಶಾಸ್ತ್ರ ಹೇಳಿಕೊಟ್ಟಿದ್ದಳು. ಗಂಡ ಹಯವದನನಿಗೆ ವಿಮಾನದ ಬಿಡಿಭಾಗಗಳ ವಿನ್ಯಾಸದ ಕೆಲಸ ಸಿಕ್ಕಿ ಇಬ್ಬರೂ ಹಿಂದಿನ ಸೆಪ್ಟೆಂಬರಿನಲ್ಲಿ ಬಂದಿಳಿದಿದ್ದರು. ಪರ್ಸೂನ್‌ನುಮ್ಮರ್ ಎಂಬ ಗುರುತಿನ ಸಂಖ್ಯೆ ಬಂತು, ಬಸ್ ಕಾರ್ಡ್ ಬಂತು, ಮೊಣಕಾಲುದ್ದ ಹಿಮ ಬಂತು. ಅವಳಿಗೊಂದು ಕೆಲಸ ಮಾತ್ರ ಬರಲಿಲ್ಲ. ವಾರಕ್ಕೆ ಮೂರು ದಿನ ಕೊಮ್ಯೂನ್ ಎಂಬ ನಗರಾಡಳಿತದವರು ನಡೆಸುವ ಭಾಷೆಯ ತರಗತಿಗೆ ಹೋಗಿ, 'ನನ್ನ ಹೆಸರು ಶೋಭನಾ, ನಾನು ಸೇಬು ತಿನ್ನುತ್ತೇನೆ' ಎಂದು ಒಪ್ಪಿಸಿ ಬರುತ್ತಿದ್ದಳು. ಬೀಜದೊಳಗೆ ಜೀವ ಹೇಗೆ ಏಳುತ್ತದೆಂದು ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಹೇಳಿದವಳಿಗೆ ಆ ಸೇಬು ಎಷ್ಟು ದಿನ ರುಚಿಸೀತು?

ಕಾಫಿಯ ಜೊತೆ ಬೆಂಗ್ತ್ ತಮ್ಮ ಆಸೆ ಹೇಳಿಕೊಂಡರು. ಅವರ ಅಪ್ಪ ರೋಕ್ಸೆನ್ ಸರೋವರದ ದಡದಲ್ಲಿ ಆಲ್ಡರ್ ಮರದ ಹೊಗೆಯಲ್ಲಿ ಮೀನು ಒಣಗಿಸುತ್ತಿದ್ದರು. ಅದೇ ಹೊಗೆ ಕುಡಿದ ಬಾರ್ಲಿಯಿಂದ ಒಂದು ಪೀಪಾಯಿ ವಿಸ್ಕಿ ಮಾಡಿಸಬೇಕು. ಮನೆಯಲ್ಲಿ ಬಟ್ಟಿ ಇಳಿಸುವುದು ಕಾನೂನಿಗೆ ವಿರುದ್ಧ. ಆದರೆ ಬಾರ್ಲಿಗೆ ಮೊಳಕೆ ಬರಿಸಿ, ಹೊಗೆ ಕೊಟ್ಟು ಒಣಗಿಸಿ ಮಾಲ್ಟ್ ಮಾಡಿಕೊಳ್ಳುವುದನ್ನು ಯಾರೂ ಬೇಡವೆನ್ನುವುದಿಲ್ಲ. ನೂರಿಪ್ಪತ್ತು ಕಿಲೋ ಒಳ್ಳೆಯ ಮಾಲ್ಟ್ ತಂದರೆ ತಾನು ಇಳಿಸಿ ಕೊಡುತ್ತೇನೆಂದು ಪಕ್ಕದ ಜಿಲ್ಲೆಯಲ್ಲಿ ಸಣ್ಣ ಡಿಸ್ಟಿಲರಿ ಇಟ್ಟುಕೊಂಡ ಗುನಿಲ್ಲಾ ಎಂಬ ಹೆಂಗಸು ಒಪ್ಪಿದ್ದಳು.

"ನಾನು ವಿಸ್ಕಿ ಮುಟ್ಟಿದವಳೇ ಅಲ್ಲ. ನಮ್ಮಲ್ಲಿ ಮಗುವಿಗೆ ಮಣ್ಣಿ ಮಾಡಲಿಕ್ಕೆ ರಾಗಿ ಮೊಳಕೆ ಕಟ್ತಾರೆ. ಅದು ನನಗೆ ಗೊತ್ತು" ಎಂದಳು ಶೋಭನಾ.

"ವಿಸ್ಕಿಯೂ ಮೂರು ವರ್ಷ ತೊಟ್ಟಿಲಲ್ಲಿ ಮಲಗೋ ಮಗುವೇ" ಎಂದರು ಬೆಂಗ್ತ್.

ಕೆಲಸ ಶುರುವಾಯಿತು. ಎಂಟು ಗಂಟೆ ನೀರು, ಎಂಟು ಗಂಟೆ ಗಾಳಿ, ಮತ್ತೆ ನೀರು. ಮೂರನೆಯ ದಿನ ಕಾಳಿನ ತುದಿಯಲ್ಲಿ ಬಿಳಿ ಚುಕ್ಕೆ ಇಣುಕಿತು. ಬೆಂಗ್ತ್ ಕನ್ನಡಕ ಹಾಕಿಕೊಂಡು, ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಅವಳು ಉಗುರಿನಿಂದ ಸಿಪ್ಪೆ ಬಿಡಿಸಿ, ಒಳಗೆ ಮಲಗಿದ್ದ ಎಳೆ ಚಿಗುರು ತೋರಿಸಿದಳು: ಅದು ಕಾಳಿನ ಮುಕ್ಕಾಲು ಉದ್ದ ಬಂದಾಗ ನಿಲ್ಲಿಸಬೇಕು, ಬಿಟ್ಟರೆ ಒಳಗಿನ ಸಿಹಿಯನ್ನೆಲ್ಲ ಹುಲ್ಲೇ ತಿಂದುಬಿಡುತ್ತದೆ. ಇದನ್ನೆಲ್ಲ ಹೇಳಲು ಅವಳಿಗೆ ಸ್ವೀಡಿಷ್ ಬೇಕಾಯಿತು. ಬೇರು, ಹೊಟ್ಟು, ತೇವ, ಕಾವು – ಒಂದೊಂದೇ ಪದವನ್ನು ಬೆಂಗ್ತ್ ಹತ್ತು ಸಲ ಹೇಳಿಸಿದರು. ತರಗತಿಯ ಟೀಚರು, "ನಿನಗೆ 'ಸೋಫಾ'ಗಿಂತ ಮೊದಲು 'ಮೊಳಕೆ' ಹೇಗೆ ಬಂತು?" ಎಂದು ಬೆರಗಾದರು.

ಮೊಳಕೆ ಅವಳ ವಿದ್ಯೆಯಾದರೆ ಹೊಗೆ ಬೆಂಗ್ತ್‌ರದು. ಸರೋವರದ ದಡದಲ್ಲಿದ್ದ ಅವರ ಬೇಸಿಗೆ ಮನೆಯ ಹಿಂದೆ ಮರದ ಹಳೆಯ ಸೌನಾ ಇತ್ತು. ಬೆವರು ಸ್ನಾನದ ಆ ಕೋಣೆಯ ಹಲಗೆಗಳ ಮೇಲೆ ಬಲೆ ಹಾಸಿ, ಮೊಳೆತ ಬಾರ್ಲಿ ಹರವಿ, ಕೆಳಗೆ ಆಲ್ಡರ್ ಕಟ್ಟಿಗೆ ಇಟ್ಟರು. ಒಂದು ಹಿಡಿ ಜೂನಿಪರ್ ಸೊಪ್ಪೂ ಬಿತ್ತು. ಕಾಳಿನ ಮೈ ಹಸಿಯಾಗಿರುವಾಗಲೇ ಹೊಗೆ ಅಂಟುವುದು, ಒಣಗಿದ ಮೇಲೆ ಎಷ್ಟು ಹಾಕಿದರೂ ವ್ಯರ್ಥ. "ಬೆಂಕಿ ಉರೀಬಾರದು. ಮುನಿಸಿಕೊಂಡಿರಬೇಕು, ಅಷ್ಟೇ" ಎಂದು ಹೇಳಿ ಅವರು ಪೇಟೆಗೆ ಹೋದರು.

ಅವಳು ಮುನಿಸಿಕೊಂಡ ಬೆಂಕಿಯನ್ನು ಸಮಾಧಾನಪಡಿಸಲು ಹೋದಳು. ಆರೀತೆಂಬ ಹೆದರಿಕೆಯಿಂದ ಎರಡು ಕೊರಡು ಜಾಸ್ತಿ ಒಟ್ಟಿದಳು. ಬೆಂಗ್ತ್ ಬರುವಷ್ಟರಲ್ಲಿ ನಲವತ್ತು ಕಿಲೋ ಬಾರ್ಲಿ ಹುರಿಗಡಲೆಯ ಬಣ್ಣಕ್ಕೆ ತಿರುಗಿತ್ತು. ಶೋಭನಾಳ ಕಣ್ಣಲ್ಲಿ ನೀರು. ಹೊಗೆಯದೋ ಅಳುವಿನದೋ ಅವಳಿಗೇ ತಿಳಿಯಲಿಲ್ಲ. ಬೆಂಗ್ತ್ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಕರುಮುರು ಅಗಿದು, "ವಿಸ್ಕಿ ಆಗಲ್ಲ. ಆದರೆ ತಿನ್ನಬಹುದು. ಈಗ ಇಬ್ಬರೂ ಒಂದೊಂದು ತೊಟ್ಟಿ ಹಾಳು ಮಾಡಿದ ಹಾಗಾಯ್ತು, ಲೆಕ್ಕ ಸಮ" ಎಂದರು.

ಅವಳು ಅದರಲ್ಲಿ ಒಂದಿಷ್ಟನ್ನು ಬೀಸಿ, ತುಪ್ಪ ಬೆಲ್ಲ ಹಾಕಿ ಹುರಿಹಿಟ್ಟಿನ ಉಂಡೆ ಕಟ್ಟಿದಳು. ಹಯವದನ ಮೂಸಿ ನೋಡಿ, "ಇದನ್ನ ತಿಂದರೆ ಒಲೆಯ ಮುಂದೆ ಕೂತ ಹಾಗಾಗ್ತದೆ ಮಾರಾಯ್ತಿ" ಎಂದವನು ಡಬ್ಬಿ ತುಂಬಿಕೊಂಡು ಆಫೀಸಿನ ಫೀಕಾಕ್ಕೆ, ಅಂದರೆ ಕಾಫಿ ವಿರಾಮಕ್ಕೆ, ಒಯ್ದ. ಡಬ್ಬಿ ಖಾಲಿಯಾಗಿ ಬಂತು. ಉಳಿದ ಮೂವತ್ತು ಕಿಲೋ ಯಾವುದೋ ಹಳ್ಳಿಯ ಹಂದಿಗಳ ಪಾಲಾಯಿತು.

ಮರುವರ್ಷ ಮೇ ತಿಂಗಳಲ್ಲಿ ಊರಿನಿಂದ ಅತ್ತೆ ವಾರಿಜಾಕ್ಷಮ್ಮ ಬಂದರು. ಈರುಳ್ಳಿಯನ್ನೂ ಮುಟ್ಟದ ಹೆಂಗಸು. ಸೊಸೆ ಬಾರ್ಲಿಯ ಕೆಲಸ ಮಾಡುತ್ತಾಳೆಂದು ಮಗ ಫೋನಿನಲ್ಲಿ ತಿಳಿಸಿದ್ದನಾದರೂ, ಅದು ಆರೋಗ್ಯದ ಹಿಟ್ಟಿಗೆ ಎಂದು ಒಗ್ಗರಣೆ ಹಾಕಿದ್ದ. ಅದೇ ಹೊತ್ತಿಗೆ ಬೇಸಿಗೆ ಮನೆಯ ಮಣ್ಣಿನ ನೆಲಮಾಳಿಗೆಯಲ್ಲಿ ಹೊಸದಾಗಿ ನೆನೆಸಿದ ಬಾರ್ಲಿ ಮೊಳೆಯುತ್ತಿತ್ತು. ಅತ್ತೆಯನ್ನು ಒಬ್ಬರನ್ನೇ ಬಿಟ್ಟು ಹೋಗುವಂತಿಲ್ಲ, ಬಾರ್ಲಿಯನ್ನೂ ಬಿಡುವಂತಿಲ್ಲ. ಗಂಡ ಹೆಂಡತಿ ಅವರನ್ನೂ ಕರೆದುಕೊಂಡು ಹೋದರು.

ನೆಲಮಾಳಿಗೆಗೆ ಇಳಿದ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿದರು. "ಏ ಶೋಭಾ, ಒಳಗೆ ಬೇಯ್ತಾ ಉಂಟಲ್ಲ! ಬೇರು ಬೇರು ಹೆಣಕೊಂಡಿದೆ. ಬಿಡಿಸಿ ತಿರುವು."

ಶೋಭನಾ ಕೈ ಹಾಕಿ ನೋಡಿದಳು. ನಿಜ. ಮೇಲೆ ತಣ್ಣಗಿದ್ದ ರಾಶಿ ಅಡಿಯಲ್ಲಿ ಬಿಸಿಯೇರಿತ್ತು. ಇನ್ನರ್ಧ ದಿನ ಬಿಟ್ಟಿದ್ದರೆ ಬೂಷ್ಟು ಹಿಡಿಯುತ್ತಿತ್ತು. ಅತ್ತೆ ಸೊಸೆ ಸೇರಿ ಮರದ ಸಲಿಕೆಯಲ್ಲಿ ಇಡೀ ರಾಶಿ ಬಿಡಿಸಿ ತೆಳ್ಳಗೆ ಹರಡಿದರು. ಮೇಲೆ ಬಂದಾಗ ಬೆಂಗ್ತ್ ಕೃತಜ್ಞತೆಯಿಂದ ಎರಡೂ ಕೈ ಎದೆಗೊತ್ತಿ ಬಗ್ಗಿದರು.

"ಹಿಟ್ಟು ನಿಮಗಾ?" ಎಂದು ಅತ್ತೆ ಕೈಸನ್ನೆಯಲ್ಲೇ ಕೇಳಿದರು. ಬೆಂಗ್ತ್‌ಗೆ ಏನು ಅರ್ಥವಾಯಿತೋ, ಹೆಬ್ಬೆರಳನ್ನು ಬಾಯಿಯ ಕಡೆ ಬಾಗಿಸಿ ನಗುತ್ತ, "ವಿಸ್ಕಿ!" ಎಂದರು.

ಆ ಪದಕ್ಕೆ ಅನುವಾದ ಬೇಕಿರಲಿಲ್ಲ. ಹಯವದನ ಎದುರಿನ ಬರ್ಚ್ ಮರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ನೀನು ಕುಡೀತೀಯಾ?" ಅತ್ತೆ ಸೊಸೆಯನ್ನು ಕೇಳಿದರು.

"ಇಲ್ಲ ಅತ್ತೆ. ನನಗೆ ಈ ಮೊಳಕೆ ಕೆಲಸ ಇಷ್ಟ. ಇಲ್ಲಿಗೆ ಬಂದ ಮೇಲೆ ನನಗೆ ಬರ್ತದೆ ಅಂತ ಯಾರಾದರೂ ಒಪ್ಪಿದ ಕೆಲಸ ಇದೊಂದೇ."

ವಾರಿಜಾಕ್ಷಮ್ಮ ಕೈಗಂಟಿದ್ದ ಕಾಳುಗಳನ್ನು ಒಂದೊಂದಾಗಿ ಬಿಡಿಸಿ ತಟ್ಟೆಗೆ ಹಾಕಿದರು. "ಮೊಳಕೆಗೆ ಏನು ಮೈಲಿಗೆ? ಮೊಳಕೆ ಮೊಳಕೆಯೇ. ಅದನ್ನ ಅವರು ಏನು ಮಾಡ್ಕೊಳ್ತಾರೋ ಅವರ ಕರ್ಮ" ಎಂದು, ಮಗನ ಕಡೆ ತಿರುಗಿದರು. "ನನಗೆ ಸಿಟ್ಟು ಬಂದದ್ದು ನಿನ್ನ ಮೇಲೆ. ಸುಳ್ಳು ಯಾಕೆ ಹೇಳಿದ್ದು? ನಾನೇನು ಹುಲಿಯಾ?"

"ತಪ್ಪಾಯ್ತಮ್ಮ."

"ತಪ್ಪಾದರೆ ಹೋಗಿ ಸಲಿಕೆ ಹಿಡಿ."

ಅಲ್ಲಿಂದ ಮೂರು ತೊಟ್ಟಿ ಮುಗಿಯುವವರೆಗೂ ಅಲ್ಲೇ ಉಳಿದರು, ಬೆಳಗಿನ ಪಾಳಿ ಅತ್ತೆಯದೇ ಆಯಿತು. ಅಲ್ಲಿ ಮೇ ತಿಂಗಳಲ್ಲಿ ನಾಲ್ಕೂವರೆಗೇ ಸೂರ್ಯ. ಸೂರ್ಯನಿಗಿಂತ ಮೊದಲೇ ಏಳುವ ಅಭ್ಯಾಸದ ವಾರಿಜಾಕ್ಷಮ್ಮ ಸ್ವೆಟರಿನ ಮೇಲೆ ಸೆರಗು ಹೊದ್ದು, ಸ್ತೋತ್ರ ಹೇಳಿಕೊಳ್ಳುತ್ತ ಬಾರ್ಲಿ ತಿರುವುತ್ತಿದ್ದರು. ಹೊಗೆಯ ದಿನ ಮಾತ್ರ ಶೋಭನಾ ಯಾರನ್ನೂ ಹತ್ತಿರ ಬಿಡಲಿಲ್ಲ. ಸೌನಾದ ಬಾಗಿಲಲ್ಲಿ ಮಣೆ ಹಾಕಿ ಕೂತು, ಬೆಂಕಿಯ ಮುನಿಸು ಏರದಂತೆ ಇಳಿಯದಂತೆ ಹಗಲಿಡೀ ಕಾದಳು. ಬೆಂಗ್ತ್ ದೂರದ ಕುರ್ಚಿಯಲ್ಲಿ ಕೂತು ಹೆಬ್ಬೆರಳೆತ್ತಿ ತೋರಿಸುತ್ತಿದ್ದರು. ಒಣಗಿದ ಮೇಲೆ ಗೋಣಿಯಲ್ಲಿ ಹಾಕಿ ಉಜ್ಜಿ ಬೇರು ಉದುರಿಸಿ, ಮೊರದಲ್ಲಿ ಕೇರಿದರು. ಮೊರ ಎಲ್ಲಿಂದ ಬಂತೆಂದರೆ, ಅತ್ತೆಯ ಸೂಟ್‌ಕೇಸಿನಿಂದ.

ಜೂನಿನಲ್ಲಿ ಗೋಣಿಗಳನ್ನು ಕಾರಿಗೆ ಹೇರಿಕೊಂಡು ಡಿಸ್ಟಿಲರಿಗೆ ಹೋದರು. ಗುನಿಲ್ಲಾ ಮಾತಿಲ್ಲದ ಹೆಂಗಸು. ಒಂದು ಕಾಳು ಕಚ್ಚಿದಳು. ಇನ್ನೊಂದನ್ನು ತುಂಡು ಮಾಡಿ, ಕಪ್ಪು ಬಣ್ಣದ ಬಾಗಿಲ ಮೇಲೆ ಎಳೆದಳು. ಸೀಮೆಸುಣ್ಣ ಎಳೆದಂತೆ ಬಿಳಿ ಗೆರೆ ಮೂಡಿತು. ಮೊಳಕೆ ಸರಿಯಾಗಿ ಬಂದ ಕಾಳು ಮಾತ್ರ ಹಾಗೆ ಗೆರೆ ಎಳೆಯುತ್ತದೆ. ಬೇರೆ ಬೇರೆ ಗೋಣಿಗಳಿಂದ ಹೆಕ್ಕಿ ಹತ್ತು ಗೆರೆ ಎಳೆದಳು, ಹತ್ತೂ ಬಿಳಿ. ನಂತರ ಹಿಡಿ ತುಂಬ ಕಾಳು ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

"ಯಾರು ಮಾಡಿದ್ದು?"

ಬೆಂಗ್ತ್ ಶೋಭನಾಳ ಕಡೆ ಕೈ ತೋರಿಸಿದರು. ಶೋಭನಾ ಬೆಂಗ್ತ್ ಕಡೆ ತೋರಿಸಿದಳು. ಆಮೇಲೆ ಇಬ್ಬರೂ ಸೇರಿ, ಕಾರಿನಲ್ಲಿ ಕೂತು ಚೂಡಾ ತಿನ್ನುತ್ತಿದ್ದ ವಾರಿಜಾಕ್ಷಮ್ಮನ ಕಡೆ ತೋರಿಸಿದರು.

ಆ ಸೆಪ್ಟೆಂಬರಿನಿಂದ ಶೋಭನಾ ಗುನಿಲ್ಲಾಳ ಬಳಿ ವಾರಕ್ಕೆ ಎರಡು ದಿನ ಕೆಲಸಕ್ಕೆ ಸೇರಿದಳು. ಕೊಂಡು ತಂದ ಮಾಲ್ಟನ್ನು ಪರೀಕ್ಷಿಸುವುದು, ಬೇಕಾದಾಗ ಸಣ್ಣ ಪ್ರಮಾಣದಲ್ಲಿ ಹೊಗೆ ಕೊಡುವುದು. ಎರಡು ದಿನ ಮುಂದೆ ನಾಲ್ಕಾಯಿತು. ನಡುವೆ ಮಗಳು ಹುಟ್ಟಿದಳು, ದಾಗಿಸ್ ಎಂಬ ಶಿಶುವಿಹಾರಕ್ಕೆ ಹೋಗುವಷ್ಟಾದಳು. ಅಮ್ಮನ ಸ್ವೆಟರನ್ನು ಮೂಸಿ "ರೋಕ್, ರೋಕ್" ಎಂದು ನಗುವುದನ್ನು ಕಲಿತಳು. ಹೊಗೆಗೆ ಸ್ವೀಡಿಷಿನಲ್ಲಿ ಹಾಗೇ ಹೇಳುವುದು.

೨೦೦೮ರ ಆಗಸ್ಟಿನಲ್ಲಿ ಬೆಂಗ್ತ್‌ರ ಪೀಪಾಯಿ ತೆರೆದರು. ಹಯವದನ ಅಮ್ಮನಿಗೆ ಮೊದಲೇ ಫೋನು ಮಾಡಿ, ಕುಡಿಯುತ್ತೇನೆಂದು ನಿಜ ಹೇಳಿ, ಬೈಸಿಕೊಂಡೇ ಬಂದಿದ್ದ. ಬೆಂಗ್ತ್ ಒಂದು ಗುಟುಕನ್ನು ಬಾಯಲ್ಲಿ ಹೊರಳಿಸಿ ನುಂಗಿದರು. "ಅಪ್ಪನ ಕೋಟು," ಎಂದರು. "ಮೀನು ಒಣಗಿಸಿ ಬಂದ ದಿನ ಅದರ ವಾಸನೆ ಹೀಗೇ ಇರ್ತಿತ್ತು."

ಶೋಭನಾ ಗ್ಲಾಸನ್ನು ಮೂಸಿದಳು, ಕುಡಿಯಲಿಲ್ಲ. ಆಲ್ಡರ್ ಹೊಗೆ ಸಿಕ್ಕಿತು, ಹಿಂದೆಯೇ ಜೂನಿಪರ್, ಅದರ ಹಿಂದೆ ಒಂದು ತೆಳು ಸಿಹಿ. "ಜೂನಿಪರ್ ಒಂದು ಚಿಟಿಕೆ ಜಾಸ್ತಿಯಾಗಿದೆ" ಎಂದಳು.

ಗುನಿಲ್ಲಾ ಕುಡಿದು ನೋಡಿ, ತಲೆದೂಗಿ, ಪೆನ್ನು ತೆಗೆದು ಅದನ್ನೇ ಬರೆದುಕೊಂಡಳು. ಮುಂದಿನ ಚಳಿಗಾಲಕ್ಕೆ ಆರು ನೂರು ಕಿಲೋ ಆದೀತೇ ಎಂದು ಕೇಳಿದಳು. ಮೊಳಕೆ ಹರಡಲು ನೆಲ ದೊಡ್ಡದು ಬೇಕು ಎಂದಳು ಶೋಭನಾ. ಬೆಂಗ್ತ್ ಗ್ಲಾಸು ಕೆಳಗಿಟ್ಟು, ತಮ್ಮ ತಂಗಿಯ ಊರಿನಲ್ಲಿ ಒಂದು ಖಾಲಿ ದನದ ಕೊಟ್ಟಿಗೆ ಇದೆ, ನಾಳೆಯೇ ನೋಡಿ ಬರೋಣ ಎಂದರು.